ಎಡಗಿವಿಗೆ ಹೇಳಿದ ಮಾತು

ನಮ್ಮ ಅಜ್ಜಿಯ ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ವಯಸ್ಸಿನಲ್ಲಿ ಹಾಕಿಕೊಂಡಿದ್ದ ತೂಕದ ಓಲೆ ಎಳೆದೂ ಎಳೆದೂ ಒಂದು ದಿನ ತೂತೇ ಹರಿದುಹೋಯಿತಂತೆ. ಬಲಗಿವಿ ಪೂರ್ತಿ ಕಿವುಡು. ಏನೇ ಹೇಳುವುದಿದ್ದರೂ ಗಟ್ಟಿಯಾಗಿ ಕೂಗಬೇಕು, ಇಲ್ಲವೇ ಆ ಸೀಳು ಹಾಲೆಗೆ ತುಟಿ ತಾಗುವಷ್ಟು ಹತ್ತಿರ ಹೋಗಿ ಹೇಳಬೇಕು. ನಮ್ಮ ಮನೆಯಲ್ಲಿ ಅಷ್ಟು ಹತ್ತಿರ ಹೋಗುತ್ತಿದ್ದವಳು ನಾನೊಬ್ಬಳೇ. ಎಲೆಯಡಿಕೆ, ಹೊಗೆಸೊಪ್ಪಿನ ಆ ವಾಸನೆ ಈಗಲೂ ಮೂಗಿನಲ್ಲಿದೆ.

ಎಪ್ಪತ್ತರ ದಶಕದ ಕೊನೆಯಲ್ಲಿ, ತಾತ ಹೋದಮೇಲೆ, ಅಪ್ಪ ಅವಳನ್ನು ಹಾಗಲವಾಡಿಯಿಂದ ತುಮಕೂರಿಗೆ, ಸದಾಶಿವನಗರದ ನಮ್ಮ ಬಾಡಿಗೆ ಮನೆಗೆ ಕರೆತಂದರು. ಅಷ್ಟು ಹೊತ್ತಿಗೆ ಅಮ್ಮನಿಗೂ ಅಜ್ಜಿಗೂ ಮಾತು ಬಿಟ್ಟು ಆರೇಳು ವರ್ಷ. ಕಾರಣ ನಾನೇ. ಮೂರನೆಯದೂ ಹೆಣ್ಣಾಯಿತೆಂದು ಅಜ್ಜಿ ಬಾಣಂತಿಯ ಕೋಣೆಗೆ ಕಾಲಿಡಲಿಲ್ಲ. ಸ್ನಾನಕ್ಕೆ ಬಿಸಿನೀರು ಕಾಯಿಸಿ ಕೊಡಲಿಲ್ಲ. "ಇನ್ನೊಂದು ಹೆತ್ತವ್ಳಲ್ಲ, ತಾನೇ ಕಾಯಿಸ್ಕೊಳ್ಲಿ" ಎಂದು ಅಂಗಳದಲ್ಲಿ ನಿಂತು ಊರಿಗೆ ಕೇಳುವಂತೆ ಹೇಳಿದಳಂತೆ. ಅಮ್ಮ ಅದನ್ನು ಮರೆಯಲಿಲ್ಲ. ಮರೆಯಬೇಕಿತ್ತು ಎಂದು ನಾನೂ ಹೇಳುವುದಿಲ್ಲ.

ನಮ್ಮ ಕಡೆ ಮಾತು ಬಿಟ್ಟವರು ಒಂದೇ ಸೂರಿನ ಕೆಳಗೆ ಬದುಕುವುದು ಹೊಸತೇನಲ್ಲ. ನಡುವೆ ಒಂದು ಮಗು ಇದ್ದರೆ ಸಾಕು. ಅಮ್ಮ ಒಲೆಯ ಮುಂದಿನಿಂದ ಹೇಳುತ್ತಿದ್ದಳು: "ಆ ಮುದುಕಿಗೆ ಹೇಳೇ, ಎರಡೆರಡು ಸಲ ಹಿಟ್ಟು ತೊಳಸಕ್ಕೆ ನಾನೇನು ಇವಳ ಆಳಲ್ಲ, ಬಂದು ನುಂಗ್ಲಿ." ಮೊದಮೊದಲು ನಾನು ಇದ್ದದ್ದನ್ನು ಇದ್ದ ಹಾಗೇ ಒಪ್ಪಿಸುತ್ತಿದ್ದೆ. ಅಜ್ಜಿ ತಟ್ಟೆ ದೂಡಿ ಎದ್ದುಹೋಗುತ್ತಿದ್ದಳು. ಅವಳು ಊಟಕ್ಕೆ ಕೂತರೆ ಮಾತ್ರ ಸೊಂಟದ ಚೀಲದಿಂದ ಕೊಬ್ಬರಿ ಬೆಲ್ಲ ನನ್ನ ಕೈಗೆ ಬರುತ್ತಿದ್ದದ್ದು. ಹಾಗಾಗಿ ಒಂದು ದಿನ ಮಾತು ಬದಲಾಯಿಸಿದೆ. "ಅಜ್ಜಿ, ಮುದ್ದೆ ಆರೋಗ್ತದಂತೆ, ಬೇಗ ಬರ್ಬೇಕಂತೆ. ಅಮ್ಮ ಕಾಯ್ತಾವ್ಳೆ." ಕರುಣೆಯಿಂದಲ್ಲ, ಬೆಲ್ಲದಾಸೆಗೆ.

ಆಮೇಲೆ ಅದೇ ರೂಢಿಯಾಯಿತು. ಅಮ್ಮ ಹೇಳಿದ ಬೈಗುಳವೆಲ್ಲ ಆ ಕಿವಿಗೆ ತಲುಪುವಷ್ಟರಲ್ಲಿ ಅಕ್ಕರೆಯಾಗಿರುತ್ತಿತ್ತು. ಅಜ್ಜಿ ನಂಬಿದಳು. ಊರಿಂದ ಬಂದ ತೆಂಗಿನಗರಿ ಹೆರೆದು ಪೊರಕೆ ಕಟ್ಟುವುದು ಅವಳ ಕೆಲಸ. ಒಂದು ಸಲ ಹಿಡಿ ಉದ್ದ ಬಿಟ್ಟು ಕಟ್ಟಿದಳು. "ನಿಮ್ಮಮ್ಮಂಗೆ ಸೊಂಟನೋವು ಅಂದ್ಯಲ್ಲ, ಬಗ್ಗದಂಗೆ ಗುಡಿಸ್ಲಿ." ಅಮ್ಮ ಮುಖ ತಿರುಗಿಸಿದಳು, ಆದರೆ ಆ ಪೊರಕೆಯಲ್ಲೇ ಗುಡಿಸಿದಳು. ಎಲ್ಲರನ್ನೂ ಮೂದೇವಿ ಎಂದೇ ಕರೆಯುತ್ತಿದ್ದ ಮುದುಕಿಯ ಬಾಯಲ್ಲಿ ಕ್ರಮೇಣ "ನನ್ ಸೊಸೆ" ಬರತೊಡಗಿತು.

ನಾನು ಹನ್ನೊಂದು ವರ್ಷದವಳಿದ್ದಾಗ ಅಮ್ಮ ಅಜ್ಜಿಯನ್ನು ಕುಣಿಗಲ್ಲಿನ ಸೋದರತ್ತೆಯ ಮನೆಗೆ ಕಳಿಸಿಬಿಡಬೇಕೆಂದು ಹಟ ಹಿಡಿದಳು. ಅಪ್ಪ ಪೇಪರಿನ ಹಿಂದಿನಿಂದಲೇ ಹೂಂ ಅಂದರು. ಅಜ್ಜಿಗೆ ಇದ್ದದ್ದು ಒಂದೇ ಭಯ. "ಮಗಳ ಮನೇಲಿ ಸಾಯ್ಬಾರ್ದು ಕಣೇ. ಅಳಿಯನ ಹೊಸಿಲು ದಾಟಿ ನನ್ ಹೆಣ ಹೋಗ್ಬಾರ್ದು" ಎಂದು ಎಷ್ಟೋ ಸಲ ಹೇಳಿದ್ದಳು.

"ಭಾನುವಾರ ಕರ್ಕೊಂಡೋಗಕ್ಕೆ ಬರ್ತಾರೆ, ಗಂಟು ಕಟ್ಕೊಳಕ್ಕೆ ಹೇಳು" ಎಂದಳು ಅಮ್ಮ. ನಾನು ಕಿವಿಯ ಹತ್ತಿರ ಹೋದೆ. ಬಾಯಿಗೆ ಬಂದದ್ದು ಇದು: "ಅಜ್ಜಿ, ನೀನು ಎಲ್ಲಿಗೂ ಹೋಗ್ಬೇಡ್ವಂತೆ. ಇಲ್ಲೇ ಇರ್ಬೇಕಂತೆ. ಅಮ್ಮನೇ ಹೇಳ್ತು." ಭಾನುವಾರ ಏನಾದೀತೆಂದು ನಾನು ಯೋಚಿಸಲೇ ಇಲ್ಲ.

ಭಾನುವಾರ ಮಾವ, ಅಂದರೆ ಸೋದರತ್ತೆಯ ಗಂಡ, ಬಂದಾಗ ಅಜ್ಜಿ ಜಗಲಿಯಲ್ಲಿ ಕಡ್ಡಿ ಹೆರೆಯುತ್ತಾ ಕೂತಿದ್ದಳು. ಹೊರಡಿ ಎಂದು ಅವರು ಕೂಗಿ ಹೇಳಿದರೆ, ನಕ್ಕುಬಿಟ್ಟಳು. "ನಾನ್ ಬರಲ್ಲ ಕಣಪ್ಪ. ನನ್ ಸೊಸೆನೇ ಇರು ಅಂದವ್ಳೆ."

ಅಮ್ಮ ಅಡುಗೆಮನೆಯಿಂದ ಬಂದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅತ್ತೆಯ ಮುಂದೆ ಕೂತು, ಆ ಸೀಳು ಕಿವಿಗೆ ಬಾಯಿಟ್ಟಳು. "ನಾನಾ? ನಾನ್ ಇರು ಅಂದ್ನಾ? ನೀನ್ ಸತ್ರೂ ನನ್ ಬಾಯಲ್ಲಿ ಆ ಮಾತು ಬರಲ್ಲ." ಎದುರುಮನೆಯವರು ಬಾಗಿಲಿಗೆ ಬಂದು ನಿಂತರು.

ಅಜ್ಜಿ ನನ್ನ ಕಡೆ ನೋಡಿದಳು. ಬಹಳ ಹೊತ್ತೇನಲ್ಲ.

"ಯಾರಮ್ಮ ನಿಂಗೆ ಹಂಗಂತ ಹೇಳಿದ್ದು?" ಎಂದು ಅಪ್ಪ ಕೂಗಿ ಕೇಳಿದರು.

"ಯಾರೂ ಹೇಳಿಲ್ಲ ಬುಡು. ಕನಸು ಬಿದ್ದಿರ್ಬೇಕು" ಎಂದು ಎದ್ದು ಎರಡು ಸೀರೆ, ಎಲೆಯಡಿಕೆ ಕುಟ್ಟಾಣಿ ಗಂಟು ಕಟ್ಟಿದಳು. "ಅರಳು ಮರಳು ಶುರುವಾಯ್ತು" ಎಂದು ಮಾವ ನಕ್ಕರು. ಆ ಹೆಸರು ಅವಳಿಗೆ ಅಂಟಿಕೊಂಡಿತು. ಅಷ್ಟು ಚುರುಕಿನ ಮುದುಕಿಗೆ, ನನ್ನನ್ನು ಉಳಿಸಲು ಹೋಗಿ.

ಉಳಿಸಿದ್ದೂ ದಂಡವಾಯಿತು. ಅಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ನನ್ನನ್ನು ಹಿತ್ತಲಿಗೆ ಎಳೆದೊಯ್ದು ಆ ಉದ್ದ ಹಿಡಿಯ ಪೊರಕೆಯಿಂದಲೇ ಬಾರಿಸಿದಳು. ಬಸ್‌ಸ್ಟ್ಯಾಂಡಿನವರೆಗೆ ಗಂಟು ಹೊತ್ತು ಹೋದಾಗ ಕಾಲು ಉರಿಯುತ್ತಿತ್ತು. ಇದೆಲ್ಲ ಈ ಮುದುಕಿಯಿಂದಲೇ ಆದದ್ದು, ಸುಮ್ಮನೆ ಇರಬಾರದಿತ್ತೆ ಎಂದು ಮೈಯೆಲ್ಲ ಸಿಟ್ಟು. ಮಾವ ಟಿಕೆಟ್ಟಿಗೆ ಹೋಗಿದ್ದರು. ಅಜ್ಜಿ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ, ಎಡಗಿವಿಯನ್ನು ನನ್ನತ್ತ ಬಗ್ಗಿಸಿದಳು.

"ಹೊರಡೋವಾಗ ನಿಮ್ಮಮ್ಮ ಏನಂದ್ಲು, ಹೇಳು ಮಗ."

ಎಲ್ಲ ಗೊತ್ತಿದ್ದೂ ಕೇಳುತ್ತಿದ್ದಾಳೆಂದು ನನಗೆ ತಿಳಿಯಿತು. ಏನು ಬೇಕಾಗಿದೆ ಎಂದೂ ತಿಳಿಯಿತು. ಕಾಲ ಬೆರಳ ಮೇಲೆ ನಿಂತು, ಒಂದಕ್ಷರವೂ ತಪ್ಪದಂತೆ ಹೇಳಿದೆ: "ಪೀಡೆ ತೊಲಗ್ತು ಅಂದ್ಲು."

ಅಜ್ಜಿ ತಲೆಯಾಡಿಸಿದಳು. ಚೀಲ ಬಿಚ್ಚಿ ಒಂದಚ್ಚು ಬೆಲ್ಲ ಕೊಟ್ಟಳು. ಬಸ್ಸು ಹೊರಟಿತು. ನಾನು ಅಲ್ಲೇ ನಿಂತು ಅದನ್ನು ಪೂರ್ತಿ ತಿಂದೆ.

ಆರು ತಿಂಗಳಿಗೆ ಅವಳು ಹೋದಳು. ಅಳಿಯನ ಹೊಸಿಲು ದಾಟಿಯೇ ಹೆಣ ಹೋಯಿತು. ಮಣ್ಣು ಮುಗಿಸಿ ಬಂದು ಕುಣಿಗಲ್ಲಿನ ಆ ಮನೆಯಲ್ಲಿ ಕೂತಾಗ ಸೋದರತ್ತೆ ನನ್ನನ್ನು ಹತ್ತಿರ ಕರೆದಳು.

"ದಿನಾ ಬೀದಿಯವ್ರಿಗೆಲ್ಲ ಒಂದೇ ಮಾತು ಕಣೇ. 'ಬಸ್ ಹತ್ತೋವಾಗ ನನ್ ಸೊಸೆ ಹೇಳ್ಕಳಿಸವ್ಳೆ, ಹಬ್ಬಕ್ಕೆ ಬಂದ್ಬುಡು ಅಂತ. ಮೊಮ್ಮಗಳು ಕಿವಿಗೇ ಹೇಳ್ತು' ಅಂತ. ಅರಳು ಮರಳು ಅಂದ್ಕೊಂಡು ನಾವು ನಗ್ತಿದ್ವಿ. ನಿಜವಾಗ್ಲೂ ಹಂಗಂದಿದ್ಲಾ ನಿಮ್ಮಮ್ಮ?"

ಅಮ್ಮ ಎದುರಿಗೇ ಗೋಡೆಗೊರಗಿ ಕೂತಿದ್ದಳು.

"ಹೂಂ, ಅಂದಿದ್ಲು" ಎಂದೆ.

ಅಮ್ಮ ತಲೆ ಎತ್ತಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅಜ್ಜಿಗಾಗಿ ನಾನು ಆಡಿದ ಕೊನೆಯ ಸುಳ್ಳು ಅದು. ಅವಳು ಕಿವಿ ಬಗ್ಗಿಸಿ ಕೇಳಿದಾಗಲೇ ಅದನ್ನು ಕೊಡಬೇಕಾಗಿತ್ತು.