ಮೂರು ಪಂಪು ತಿಂದ ಅಂಬಾಸಿಡರ್

ಶಿರಾದಲ್ಲಿ ನಿಯಾಜ್ ಅಹಮದ್ ಎಲ್ಲಿ ಸಿಗುತ್ತಾರೆ ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಅಂಬಾಸಿಡರ್ ಸಾಬರು ಎಲ್ಲಿ ಎಂದು ಕೇಳಿ, ಕಡಲೆಕಾಯಿ ಮಂಡಿಯ ಹಮಾಲಿ ಕೂಡ ಬೆನ್ನಮೇಲಿನ ಮೂಟೆ ಇಳಿಸದೆ ಗಲ್ಲ ಎತ್ತಿ ದಾರಿ ತೋರಿಸುತ್ತಾನೆ. ವಯಸ್ಸು ಅರವತ್ತಾರು, ಗಡ್ಡ ಬಿಳಿ, ಬಾಯಿ ಮಾತ್ರ ಇನ್ನೂ ಪಡ್ಡೆ ವಯಸ್ಸಿನದು. ಕಾರು ತಂದವನಿಗೆ ಮೊದಲು ಬೈಗುಳ, ಆಮೇಲೆ ಟೀ, ಆಮೇಲೆ ರಿಪೇರಿ. ಈ ಕ್ರಮ ತಪ್ಪಿದ್ದನ್ನು ಯಾರೂ ಕಂಡಿಲ್ಲ. "ಊರಿನ ಕಾರುಗಳಿಗೆಲ್ಲ ಬೈದು ಸುಸ್ತಾಗಿ ಬರ್ತಾರೆ, ಮನೇಲಿ ಗಪ್‌ಚುಪ್. ಅದೊಂದೇ ನನಗೆ ನೆಮ್ಮದಿ" ಎನ್ನುತ್ತಾರೆ ಅವರ ಹೆಂಡತಿ ಅಫ್ಜಲುನ್ನೀಸಾ.

ಕಂಪ್ಯೂಟರಿನ ವೈರು ಚುಚ್ಚಿ ಕಾರಿನ ಕಾಯಿಲೆ ಕೇಳುವ ಈಗಿನ ಮೆಕ್ಯಾನಿಕ್ಕುಗಳನ್ನು ಕಂಡರೆ ಸಾಬರಿಗೆ ಮೈಯೆಲ್ಲ ಉರಿ. ಅವರದು ಕಿವಿ, ಮೂಗು, ನಾಲಿಗೆಯ ವೈದ್ಯ. ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ. ಪೈಪು ಬಿಚ್ಚಿ ಪೆಟ್ರೋಲ್ ನೆಕ್ಕಿದರೆ ನೀರು ಬೆರೆತಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಇದನ್ನೆಲ್ಲ ಅವರು ಯಾರಿಗೂ ಕಲಿಸಿಲ್ಲ. ಕಲಿಯಲು ಬಂದವರು ಬೈಗುಳ ಪೂರ್ತಿ ಕಲಿತು, ಕೆಲಸ ಅರ್ಧಕ್ಕೇ ಬಿಟ್ಟು ಓಡಿಹೋದರು.

ಇಷ್ಟೆಲ್ಲ ಒರಟರಾದರೂ ಒಂದು ವಿಷಯದಲ್ಲಿ ಸಾಬರು ಬಹಳ ನಾಜೂಕು. ಕಾರಿನ ಮೇಲೆ ಪೂಜೆಯ ಅರಿಶಿನ, ಕುಂಕುಮ, ವಿಭೂತಿ ಇದ್ದರೆ ಅವರು ಅದಕ್ಕೆ ಕೈ ಹಚ್ಚುವುದಿಲ್ಲ. ಎಣ್ಣೆ ಕೈ, ಇನ್ನೊಬ್ಬರ ದೇವರು, ಯಾಕೆ ಬೇಕು ಎನ್ನುವುದು ಅವರ ಲೆಕ್ಕ. ಬಾನೆಟ್ಟಿನ ಮೇಲೆ ಕುಂಕುಮವಿದ್ದರೆ ಓನರನ್ನೇ ಕರೆದು ಒರೆಸಲು ಹೇಳುತ್ತಾರೆ. ಓನರ್ ಇಲ್ಲದಿದ್ದರೆ ಆ ಜಾಗ ಬಿಟ್ಟು ಸುತ್ತಲೂ ಕೆಲಸ ಮಾಡುತ್ತಾರೆ. ನಲವತ್ತು ವರ್ಷದಲ್ಲಿ ಈ ನಿಯಮ ಅವರಿಗೆ ಒಂದೇ ಒಂದು ಸಲ ಕೈ ಕೊಟ್ಟಿತು. ಕೊಟ್ಟಾಗ ಚೆನ್ನಾಗಿಯೇ ಕೊಟ್ಟಿತು.

ಹುಲಿಕುಂಟೆಯ ಕುರಿ ವ್ಯಾಪಾರಿ ಬೋರಪ್ಪ ಮಧುಗಿರಿಯ ರಿಟೈರಾದ ಇಂಜಿನಿಯರೊಬ್ಬರಿಂದ ಹಳೇ ಅಂಬಾಸಿಡರ್ ಕೊಂಡುಕೊಂಡ. ಎಪ್ಪತ್ತೆಂಟರ ಮಾಡೆಲ್ಲು, ಹಾಲಿನ ಬಣ್ಣ, ಸೋಫಾದಂಥ ಸೀಟು. ಇಂಜಿನಿಯರು ಆ ಸೀಟಿಗೆ ಬಿಳಿ ಬಟ್ಟೆ ಹಾಸಿದ್ದರು. ಬೋರಪ್ಪ ಅದರ ಮೇಲೆ ಟಗರು ಕೂರಿಸಿದ. ಮಾರಾಟಕ್ಕೆ ಹೊರಟ ಟಗರು ಹಿಂದಿನ ಸೀಟಿನಲ್ಲಿ ಕಿಟಕಿಯಿಂದ ತಲೆ ಹೊರಹಾಕಿಕೊಂಡು ಹೋಗುತ್ತಿದ್ದರೆ ಯಾರೋ ಎಮ್ಮೆಲ್ಲೆ ಬಂದರು ಅಂತ ಜನ ದಾರಿ ಬಿಡುತ್ತಿದ್ದರು. ಬೋರಪ್ಪನ ಹೆಂಡತಿ ಜುಂಜಮ್ಮನಿಗೂ ಕಾರೆಂದರೆ ಪ್ರಾಣ. ಆದರೆ ಅವಳ ಪೂಜೆ ಎಲ್ಲರ ಹಾಗಲ್ಲ. ಎಲ್ಲರೂ ಬಾನೆಟ್ಟಿಗೆ ಕುಂಕುಮ ಹಚ್ಚಿದರೆ ಇವಳು ಹಿಂಭಾಗದ ಮಗ್ಗುಲಲ್ಲಿರುವ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಹಚ್ಚುತ್ತಿದ್ದಳು. ಯಾಕಮ್ಮ ಅಂದರೆ, "ಕುರಿಗಾದ್ರೆ ಬಾಯಿ ನೋಡ್ತೀವಿ, ಬಾಯಿ ಚೆನ್ನಾಗಿದ್ರೆ ಮೈ ಚೆನ್ನಾಗಿರ್ತದೆ. ಇದು ಉಣ್ಣೋ ಬಾಯಿ ಇಲ್ಲೇ ಐತಲ್ಲ" ಎಂದು ಕೇಳಿದವರ ಬಾಯಿ ಮುಚ್ಚಿಸುತ್ತಿದ್ದಳು. ತುಪ್ಪದಲ್ಲಿ ಕಲಸಿದ ಅರಿಶಿನ, ಮೇಲೆ ಕುಂಕುಮ, ಅದರ ಮೇಲೆ ವಿಭೂತಿ, ವಾರ ವಾರವೂ.

ಕಾರು ಬಂದ ಎರಡನೇ ತಿಂಗಳಿಗೆ ರೋಗ ಶುರುವಾಯಿತು. ಇಪ್ಪತ್ತೈದು ಮೂವತ್ತು ಕಿಲೋಮೀಟರು ಜಮಾಯಿಸಿ ಓಡುವುದು, ಆಮೇಲೆ ಕೆಮ್ಮುವುದು, ನಿಲ್ಲುವುದು. ಸಾಬರು ಬಾನೆಟ್ ಎತ್ತಿ ನೋಡಿದರು. ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಎಂಜಿನ್ನಿಗೆ ಕೊಡುವ ಪಂಪಿನ ಮೇಲೆ ಒಂದು ಗಾಜಿನ ಬಟ್ಟಲಿರುತ್ತದೆ, ಅದು ಖಾಲಿ. "ಪಂಪು ಸತ್ತಿದೆ. ಬಿಸಿಯಾದ ತಕ್ಷಣ ಒಳಗಿನ ರಬ್ಬರ್ ಪೊರೆ ಸೋತುಹೋಗ್ತದೆ. ಇದು ಗೊತ್ತಾಗದೆ ಇರೋಕೆ ನಾನೇನು ಕತ್ತೆ ಮೇಯಿಸ್ತಿದ್ನಾ?" ಎಂದು ತೀರ್ಪು ಕೊಟ್ಟು, ಹೊಸ ಪಂಪು ಹಾಕಿದರು. ಮುಂದಿನ ವಾರ ಕಾರು ಮತ್ತೆ ನಿಂತಿತು. ಈ ಪಂಪು ನಕಲಿ ಮಾಲು ಎಂದು ಅದನ್ನೂ ಕಿತ್ತು ಮೂರನೆಯದು ಹಾಕಿದರು, ಎಂಜಿನ್ನಿನ ಬಿಸಿ ತಾಗದಿರಲೆಂದು ನಡುವೆ ದಪ್ಪ ಪ್ಯಾಕಿಂಗನ್ನೂ ಕೊಟ್ಟರು. ಮತ್ತೆ ನಿಂತರೆ ಪಂಪಿಗೆ ಒದ್ದೆ ಬಟ್ಟೆ ಸುತ್ತು ಎಂದು ಬೋರಪ್ಪನಿಗೆ ಹೇಳಿಕೊಟ್ಟರು.

ಒದ್ದೆ ಬಟ್ಟೆ ಸುತ್ತಿದಾಗಲೆಲ್ಲ ಕಾರು ಹೊರಟಿತು, ಅದೇ ಫಜೀತಿ. ಯಾಕೆಂದರೆ ಕಾರು ನಿಂತ ಕೂಡಲೇ ಬೋರಪ್ಪ ಮುಂದೆ ಬಟ್ಟೆ ಸುತ್ತುತ್ತಿದ್ದ, ಜುಂಜಮ್ಮ ಹಿಂದೆ ಹೋಗಿ ಮುಚ್ಚಳ ತೆಗೆದು ಹೊಂಗೆ ಕಡ್ಡಿ ಇಳಿಬಿಟ್ಟು ಪೆಟ್ರೋಲ್ ಎಷ್ಟಿದೆ ನೋಡುತ್ತಿದ್ದಳು. ಗಂಡ ಬಂಕಿನಲ್ಲಿ ಅರ್ಧ ಹಾಕಿಸಿ ಪೂರ್ತಿ ಅಂತ ಸುಳ್ಳು ಹೇಳುತ್ತಾನೆ ಎನ್ನುವುದು ಅವಳ ಹಳೇ ಅನುಮಾನ. ಹೊಗಳಿಕೆ ಎಲ್ಲ ಬಟ್ಟೆಗೆ ಸಿಕ್ಕಿತು, ಕಡ್ಡಿಯನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಮೂರನೇ ಪಂಪೂ ಕೈಕೊಟ್ಟ ಸುದ್ದಿ ಸಂಜೀವಯ್ಯನ ಟೀ ಅಂಗಡಿ ಮುಟ್ಟಿತು. ಅಲ್ಲಿ ಯಾರೋ, "ಸಾಬರಿಗೆ ವಯಸ್ಸಾಯ್ತು ಬುಡಿ, ಇನ್ನು ಕಂಪ್ಯೂಟರ್ ಇರೋರ ಹತ್ರಾನೇ ಹೋಗ್ಬೇಕು" ಅಂದರು. ಸಾಬರು ಗ್ಲಾಸು ಕುಕ್ಕಿ ಎದ್ದು ನಿಂತರು. ಕಿವಿ ಕೆಂಪಗಾಗಿತ್ತು.

"ಕೇಳ್ರಪ್ಪಾ ಎಲ್ರೂ. ಸೋಮವಾರ ಬೋರಪ್ಪ ಕೊರಟಗೆರೆ ಆಚೆ ಸಿದ್ದರಬೆಟ್ಟಕ್ಕೆ ಪೂಜೆಗೆ ಹೋಗ್ತಾನೆ. ನಾನೂ ಹೋಗ್ತೀನಿ. ಬೆಟ್ಟ ಮುಟ್ಟೋದ್ರೊಳಗೆ ಗಾಡಿ ಒಂದು ಸಲ ನಿಂತ್ರೂ, ಅದೇ ಬೆಟ್ಟದ ಬುಡದಲ್ಲಿ ಸ್ಪ್ಯಾನರ್ ಕೆಳಗಿಡ್ತೀನಿ. ಮತ್ತೆ ಮುಟ್ಟಿದ್ರೆ ಹೆಸರು ಬದಲಾಯಿಸಿ!"

ಹೇಳಿದ್ದು ಹೇಳಿಬಿಟ್ಟರು, ಮನೆಗೆ ಹೋಗಿ ಊಟ ಸೇರಲಿಲ್ಲ. ಸ್ಪ್ಯಾನರ್ ಕೆಳಗಿಟ್ಟರೆ ಬೆಳಗಾಗೆದ್ದು ಯಾರಿಗೆ ಬೈಯುವುದು? ಅಫ್ಜಲುನ್ನೀಸಾಗೂ ಅದೇ ಭಯ ಹುಟ್ಟಿತು. "ಹಗಲೆಲ್ಲ ಮನೇಲೇ ಇರ್ತೀರಾ? ತೌಬಾ! ಹೆಂಗಾದ್ರೂ ಮಾಡಿ ಆ ಗಾಡಿ ಓಡಿಸ್ಬಿಡಿ" ಅಂದರು.

ಸೋಮವಾರ ಜುಂಜಮ್ಮ ಕಾರಿನ ಬಾಯಿಗೆ ಗಟ್ಟಿಯಾಗಿ ಪೂಜೆ ಮಾಡಿ, ಹುಲಿಕುಂಟೆಯ ಹೆಂಗಸರ ಟೆಂಪೋದಲ್ಲಿ ಮುಂಚೆಯೇ ಬೆಟ್ಟಕ್ಕೆ ಹೊರಟುಹೋದಳು. ಬೋರಪ್ಪ ಶಿರಾಕ್ಕೆ ಬಂದು ಸಾಬರನ್ನು ಹತ್ತಿಸಿಕೊಂಡ. ಮಧುಗಿರಿ ಇನ್ನೂ ಹತ್ತು ಕಿಲೋಮೀಟರಿದೆ ಎನ್ನುವಾಗ ಕಾರು ಒಮ್ಮೆ ಕೆಮ್ಮಿತು, ಎರಡನೇ ಸಲ ಬಿಕ್ಕಿತು, ಮೂರನೆಯದಕ್ಕೆ ಉಸಿರು ಬಿಟ್ಟಿತು.

ಬೋರಪ್ಪ ಸಾಬರ ಮುಖ ನೋಡಲಿಲ್ಲ. ಪಾಪ, ಒಳ್ಳೆಯವನು. ಸುಮ್ಮನೆ ಇಳಿದು ಪಂಪಿಗೆ ಒದ್ದೆ ಬಟ್ಟೆ ಸುತ್ತಿದ. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಎಂಜಿನ್ನು ಬರೀ ಕುಯ್ಯೋ ಅಂದಿತು. ಇನ್ನೂ ಎರಡು ಚೊಂಬು ನೀರಾಯಿತು, ಅರ್ಧ ಗಂಟೆಯಾಯಿತು. ಇವತ್ತು ಬಟ್ಟೆಗೂ ಕಾರಿಗೂ ಮಾತುಕತೆ ನಿಂತುಹೋಗಿತ್ತು.

"ಇನ್ನೊಂದು ಬಿಂದಿಗೆ ನೀರು ತರ್ತೀನಿ ತಾಳಿ ಸಾಬ್ರೇ" ಎಂದು ಬೋರಪ್ಪ ದೂರದ ತೋಟದ ಕಡೆ ನಡೆದ.

ಸಾಬರು ಒಬ್ಬರೇ ಉಳಿದರು. ಪಂಪಿನ ಗಾಜು ಖಾಲಿ. ಟ್ಯಾಂಕಿನಿಂದ ಬರುವ ಪೈಪನ್ನು ಪಂಪಿನಿಂದ ಬಿಚ್ಚಿ, ಕಸ ಕಟ್ಟಿದೆಯೋ ನೋಡೋಣ ಅಂತ ಬಾಯಿಗಿಟ್ಟುಕೊಂಡು ಎಳೆಯಲು ಹೋದರು. ಅವರು ಎಳೆಯುವ ಮೊದಲೇ ಪೈಪು ಅವರ ನಾಲಿಗೆಯನ್ನು ಎಳೆಯಿತು! ಹೆದರಿ ಕಿತ್ತುಕೊಂಡರೆ ನಾಲಿಗೆಯ ತುದಿಯಲ್ಲಿ ದುಂಡಗೆ ಬರೆ. ಪಂಪು ಎಳೆಯಬೇಕು, ಪೈಪು ಕೊಡಬೇಕು. ಈ ಪೈಪೇ ಎಳೆಯುತ್ತಿದೆ ಅಂದರೆ ಟ್ಯಾಂಕಿನೊಳಗೆ ಗಾಳಿಯೇ ಇಲ್ಲ.

ಸಾಬರು ಕಾರಿನ ಹಿಂದಕ್ಕೆ ಹೋದರು. ಮೂರು ತಿಂಗಳಲ್ಲಿ ಅವರು ಆ ಕಡೆ ಹೋಗಿದ್ದೇ ಅದು ಮೊದಲು. ಮುಚ್ಚಳ ಕಾಣಲಿಲ್ಲ, ಅರಿಶಿನ ಕುಂಕುಮದ ಒಂದು ಒಬ್ಬಟ್ಟು ಕಂಡಿತು. ಆ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತಿರುತ್ತದೆ. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಲಿ ಅಂತಲೇ ಅದನ್ನು ಕೊರೆದಿರುತ್ತಾರೆ. ತೂತು ತುಪ್ಪದ ಅರಿಶಿನದ ಅಡಿಯಲ್ಲಿ ಸಮಾಧಿಯಾಗಿತ್ತು. ಪಕ್ಕದ ಜೇಬಿನಿಂದ ತೊಳೆದ ಕರವಸ್ತ್ರ ತೆಗೆದು ಮುಚ್ಚಳದ ಅಂಚಿಗೆ ಸುತ್ತಿ, ಪೂಜೆಗೆ ಬೆರಳು ತಾಗದ ಹಾಗೆ ಮೆಲ್ಲಗೆ ತಿರುಗಿಸಿದರು. ಪುಸ್ ಎಂದು ದೊಡ್ಡ ಉಸಿರೊಂದು ಒಳಗೆ ಹೋಯಿತು.

"ಯಾ ಅಲ್ಲಾ" ಅಂದು ಸಾಬರು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಮೊದಲನೇ ಪಂಪೂ ಸರಿಯಿತ್ತು, ಎರಡನೆಯದೂ, ಮೂರನೆಯದೂ. ಕಲಿಯಲು ಬಂದವನು ಹೀಗೆ ಮಾಡಿದ್ದರೆ ಅವನ ಏಳು ತಲೆಮಾರಿಗೆ ಬೈಯುತ್ತಿದ್ದರು. ಈಗ ಬೈಸಿಕೊಳ್ಳಬೇಕಾದ ಕತ್ತೆ ತಾವೇ.

ಆದರೆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಸಾಬರು ಪೈಪು ಸೇರಿಸಿ, ಮುಚ್ಚಳವನ್ನು ಅರ್ಧ ಸುತ್ತು ಸಡಿಲವಾಗಿಯೇ ಬಿಟ್ಟು, ಏನೂ ಆಗದವರಂತೆ ಬಂದು ಮುಂದೆ ನಿಂತರು. ಬೋರಪ್ಪ ಬಿಂದಿಗೆ ತಂದು ಪಂಪಿನ ಮೇಲೆ ಸುರಿದ. ಕೀ ತಿರುಗಿಸಿ ಸ್ವಲ್ಪ ಹೊತ್ತು ಸ್ಟಾರ್ಟರ್ ತಿರುಗಿಸಿದ್ದೇ ತಡ, ಎಂಜಿನ್ನು ಹಾಡತೊಡಗಿತು.

"ನೋಡಿದ್ರಾ ನಿಮ್ಮ ಬಟ್ಟೆ ಮಹಿಮೆ!" ಎಂದ ಬೋರಪ್ಪ. "ನಿಂತಿದ್ದು ನಾನು ಯಾರಿಗೂ ಹೇಳಾಕಿಲ್ಲ ಬುಡಿ. ನಾವಿಬ್ರೇ ತಾನೆ ಇದ್ದಿದ್ದು? ಆಣೆ ಗೀಣೆ ಮರ್ತುಬುಡಿ."

ಸಾಬರು ಬಾಗಿಲು ಎಳೆದುಕೊಂಡು ಕೂತರು. ಮಧುಗಿರಿಯಲ್ಲಿ ಟೀ ಬೇಡವೆಂದರು. ಕೊರಟಗೆರೆ ದಾಟುವಾಗ ಅಡ್ಡ ಬಂದ ಸ್ಕೂಟರಿನವನಿಗೆ ಬೈಯದೆ ಬಿಟ್ಟರು. ಹೆಸರು ಉಳಿಯಿತು, ಗುಟ್ಟು ಉಳಿಯಿತು, ಸ್ಪ್ಯಾನರ್ ಕೈಯಲ್ಲೇ ಇದೆ. ಇನ್ನೇನು ಬೇಕು?

ಬೆಟ್ಟದ ಬುಡದಲ್ಲಿ ಜುಂಜಮ್ಮ ಕಾಯುತ್ತಾ ನಿಂತಿದ್ದಳು, ಕೈಯಲ್ಲಿ ಬಟ್ಟಲು. ಕಾರು ನಿಂತ ಕೂಡಲೇ ಹಿಂದಕ್ಕೆ ಹೋದಳು. "ಇದ್ಯಾರು ಮುಚ್ಚಳಾನ ಇಂಗೆ ಲೂಜಾಗಿ ಬುಟ್ಟೋರು?" ಎಂದು ಬಿಗಿಯಾಗಿ ತಿರುಗಿಸಿ, ಬಟ್ಟಲಿಗೆ ಬೆರಳದ್ದಿದಳು.

ಸಾಬರು ಕಾರಿನಿಂದ ಇಳಿದರು. ಸುಮ್ಮನಿದ್ದರೆ ಹಿಂದಿರುಗುವಾಗ ಈ ಗಂಡ ಹೆಂಡತಿ ಮತ್ತೆ ಬಿಸಿಲಲ್ಲಿ ನಿಲ್ಲುತ್ತಾರೆ, ಮುಂದಿನ ವಾರವೂ ನಿಲ್ಲುತ್ತಾರೆ, ನಾಲ್ಕನೇ ಪಂಪು ಬೇಕಾಗುತ್ತದೆ. ಬಾಯಿ ಬಿಟ್ಟರೆ ನಲವತ್ತು ವರ್ಷದ ಹೆಸರು ಈ ಜಾಗದಲ್ಲೇ ಮಣ್ಣು.

"ತಂಗಿ, ತಡಿ" ಅಂದರು. "ಅಲ್ಲಿ ಹಚ್ಚಬೇಡ. ಅಲ್ಲೊಂದು ತೂತಿದೆ, ಗಾಡಿ ಉಸಿರಾಡೋದು ಅದರಲ್ಲೇ. ನಿನ್ನ ಅರಿಶಿನ ಅದನ್ನ ಮುಚ್ಚಿಬಿಟ್ಟಿದೆ. ಅದಕ್ಕೇ ಗಾಡಿ ನಿಲ್ತಾ ಇದ್ದಿದ್ದು. ಮೂರು ಪಂಪೂ ಸರಿಯಾಗಿದ್ವು. ತಪ್ಪು ನಂದು. ಇವತ್ತೂ ನಿಂತಿತ್ತು."

ಜುಂಜಮ್ಮ ಬೆರಳನ್ನು ಗಾಳಿಯಲ್ಲೇ ಹಿಡಿದು, "ಮೂರು ತಿಂಗ್ಳಿಂದ ನಾನೇ ಅದ್ರ ಬಾಯಿ ಕಟ್ಟಿದ್ನಾ? ಮೊದ್ಲೇ ಹೇಳೋಕೇನಾಗಿತ್ತು ಸಾಬಣ್ಣ?" ಅಂದಳು.

"ಪೂಜೆ ಮಾಡಿದ ಜಾಗ. ನನ್ನ ಕೈ ಹೋಗಬಾರದು ಅಂತ ಆ ಕಡೆ ನೋಡ್ಲೇ ಇಲ್ಲಮ್ಮ."

"ಅಯ್ಯೋ ನಿನ್ನ! ನಾನು ಪೂಜೆ ಮಾಡ್ತಿದ್ದಿದ್ದೇ ಅದು ಓಡ್ಲಿ ಅಂತ ಕಣಣ್ಣ!" ಎಂದವಳೇ ಸೆರಗಿನಿಂದ ಮುಚ್ಚಳವನ್ನು ಗಸಗಸ ಉಜ್ಜಿ, ತಲೆಯ ಹೇರ್‌ಪಿನ್ ಕಿತ್ತು ತೂತಿಗೆ ಚುಚ್ಚಿದಳು. ಆಮೇಲೆ ಗಂಡನ ಕಡೆ ತಿರುಗಿ, "ನೀನು ಪೆಟ್ರೋಲ್ ಸರಿಯಾಗೇ ಹಾಕಿಸ್ತಿದ್ದೆ ಹಂಗಾದ್ರೆ" ಅಂದಳು. ಬೋರಪ್ಪ ಆಕಾಶ ನೋಡಿದ.

ಸಾಬರು ಜೇಬಿನಿಂದ ಸ್ಪ್ಯಾನರ್ ತೆಗೆದರು. ಹಿಡಿಯ ಕಡೆ ಸವೆದು ನುಣ್ಣಗಾಗಿತ್ತು. ಕಾರಿನ ಚಕ್ರದ ಪಕ್ಕ ಬಗ್ಗಿ ಅದನ್ನು ಮಣ್ಣಿನ ಮೇಲಿಟ್ಟರು. ಎದ್ದು ನಿಂತಾಗ ಕೈ ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.

ಜುಂಜಮ್ಮ ಗಂಡನನ್ನು ಕೇಳಿ ಆಣೆಯ ಕತೆ ತಿಳಿದುಕೊಂಡಳು. ತಿಳಿದ ಮೇಲೆ ಬಗ್ಗಿ ಸ್ಪ್ಯಾನರ್ ಎತ್ತಿಕೊಂಡಳು. ಮಣ್ಣು ಒರೆಸಿ, ತಲೆಯಿಂದ ಬಾಲದವರೆಗೆ ಅರಿಶಿನ ಬಳಿದು, ನಡುವೆ ಕುಂಕುಮವಿಟ್ಟು, ಸಾಬರ ಅಂಗೈ ಬಿಡಿಸಿ ಅದರಲ್ಲಿಟ್ಟಳು.

"ಈಗ ಕೆಳಗಿಡು ನೋಡಾಣ" ಅಂದಳು. "ಪೂಜೆ ಆಗಿದ್ದನ್ನ ನೆಲಕ್ಕೆ ಹಾಕ್ತೀಯಾ? ಒರೆಸ್ತೀಯಾ?"

ಸಾಬರು ಅಂಗೈ ನೋಡಿಕೊಂಡರು.

"ಇದು ಜುಲುಮೆ, ತಂಗಿ."

"ಹೂಂ, ಜುಲುಮೇನೇ. ಹತ್ತು, ಬೆಟ್ಟಕ್ಕೆ ಹೋಗಿ ಬರೋವರೆಗೂ ಗಾಡೀಲಿ ಕುಂತ್ಕೋ. ಆಮೇಲೆ ಊರಿಗೆ ಬುಡ್ತೀವಿ."

ಸಾಬರು ಹತ್ತಿ ಕೂತರು. ಶಿರಾ ಬರುವವರೆಗೂ ಸ್ಪ್ಯಾನರನ್ನು ಕೈಯಿಂದ ಇಳಿಸಲಿಲ್ಲ.