ಹಳೆಯ ಹೆಸರಿನ ಕಾವಲುಗಾರ

ನಗರಸಭೆಯ ಈ ವಿಭಾಗಕ್ಕೆ ವರ್ಗವಾಗಿ ಬಂದ ಮೊದಲ ದಿನವೇ, ಉಪಮೇಯರ್ ಎದುರಿಗೆ, ನಾನು ಕಡಲತಡಿಯ ಇಸೊನೆ ಊರಿನ ಜಾಲತಾಣದ ಹೆಸರು ಟೈಪಿಸಿದೆ. ಪರದೆಯ ವಿಳಾಸದ ಸಾಲಿನಲ್ಲಿ ಬೇರೆಯದೇ ಹೆಸರು ಮೂಡಿತು. ಕಳ್ಳರು ನುಗ್ಗಿದರೆಂದು ತಂತಿಯನ್ನೇ ಕಿತ್ತೆ. ಅದನ್ನು ಮತ್ತೆ ಸಿಕ್ಕಿಸಿದವರು ಪಕ್ಕದ ಮೇಜಿನ ಉಬುಕಾತಾ. "ಕಳ್ಳ ನಾನೇ, ಮೊರಿವಾಕಿ ಸಾನ್. ಇಸೊನೆ ನಮ್ಮ ನಗರಕ್ಕೆ ಸೇರಿಹೋಯ್ತಲ್ಲ, ಹಳೇ ಹೆಸರಿಗೆ ಬಂದೋರನ್ನ ಹೊಸದಕ್ಕೆ ದಾಟಿಸ್ತೀನಿ." ವಿಳಾಸದಲ್ಲಿ ಹೆಸರು ಬದಲಾದರೆ ಲೋಕವೆಲ್ಲ ಬೆಚ್ಚುತ್ತದೆ, ಇವರು ಮಾತ್ರ ಅದು ಬದಲಾಗದಿದ್ದರೆ ಬೆಚ್ಚುತ್ತಾರೆ. ಬೆಳಿಗ್ಗೆ ಕೋಟು ಬಿಚ್ಚುವ ಮೊದಲೇ ಹಳೆಯ ಹೆಸರು ಟೈಪಿಸಿ, ಹೊಸದು ಮೂಡುವವರೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಊಟಕ್ಕೆ ಮುಂಚೆ ಇನ್ನೊಮ್ಮೆ, ನೆಲ ಸಣ್ಣಗೆ ನಡುಗಿದರೆ ಮೂರು ಸಲ. ಕೈಬಿಟ್ಟ ಹೆಸರನ್ನು ಜೂಜಿನವರು ಕೊಂಡುಬಿಡುತ್ತಾರೆಂಬುದು ಅವರ ದಿಗಿಲು. "ಸುನಾಮಿ ಬಂದಾಗ ಯಾವ ಗುಡ್ಡ ಹತ್ಲಪ್ಪಾ ಅಂತ ಅಜ್ಜಿ ಕೇಳಿದ್ರೆ ಇಸ್ಪೀಟು ಎಲೆ ತೋರಿಸ್ತಾರೆ." ಆ ಹಳೆಯ ಹೆಸರಿರುವುದು ಇಸೊನೆಯ ಮನೆಮನೆಯ ಫ್ರಿಜ್ಜಿಗೆ ಅಂಟಿಸಿದ ಸುನಾಮಿ ನಕ್ಷೆಯ ಮೇಲೆ. ಭಾನುವಾರಗಳಲ್ಲಿ ಉಬುಕಾತಾ ಅದರ ಮೇಲೆ ಹೊಸ ಹೆಸರಿನ ಚೀಟಿ ಅಂಟಿಸುತ್ತ ಅಲೆಯುತ್ತಾರೆ. ಇನ್ನೂ ಅರ್ಧ ಊರು ಉಳಿದಿದೆ. ನಕ್ಷೆ ನೆನೆಯದ, ಹರಿಯದ ಕಾಗದದಲ್ಲೇ ಅಚ್ಚಾಗಬೇಕೆಂದು ಹದಿನೆಂಟು ವರ್ಷದ ಹಿಂದೆ ಹಟ ಹಿಡಿದು ಸಾಧಿಸಿದ್ದೂ ಅವರೇ; ಹಾಗಾಗಿ ಇವತ್ತಿಗೂ ಒಂದೂ ಹಾಳಾಗಿಲ್ಲ. ಮಾರ್ಚ್ ಕೊನೆಗೆ ಹಳೆಯ ಹೆಸರನ್ನು ಬಿಟ್ಟುಬಿಡಬೇಕೆಂಬ ಆದೇಶ ಮೊನ್ನೆ ಬಂತು. "ಅಷ್ಟರಲ್ಲಿ ಚೀಟಿ ಅಂಟಿಸೋದು ಮುಗೀದಿದ್ರೆ ಏನ್ರೀ ಮಾಡ್ತೀರಿ?" ಎಂದೆ. ಉಬುಕಾತಾ ಕಡತದಿಂದ ತಲೆ ಎತ್ತಲಿಲ್ಲ. "ದಯವಿಟ್ಟು ಸ್ವಲ್ಪ ಕಾಯಬೇಕು ಅಂತ ಸಮುದ್ರಕ್ಕೆ ಪತ್ರ ಬರೆದಿಟ್ಟಿದ್ದೀನಿ. ನಿಮ್ಮ ಒಪ್ಪಿಗೆ ಮುದ್ರೆ ಒಂದು ಬಾಕಿ."