ಪಿಟೀಲಿನ ಹೊಟ್ಟೆಯೊಳಗೆ ಈನಿಡ್ ಹೆಸರು

ಇಂಗ್ಲೆಂಡಿನ ಕೆಂಡಲ್ ಊರಿನ ನಮ್ಮ ಹರಾಜುಕಟ್ಟೆಯಲ್ಲಿ, ಹಳೇ ಪಿಟೀಲುಗಳ ವಿಷಯಕ್ಕೆ ಈನಿಡ್ ಥ್ರೆಲ್ಫಾಲ್ ಹೇಳಿದ್ದೇ ಕೊನೆಯ ಮಾತು. ಇನ್ನೂರೈವತ್ತು ವರ್ಷದ ಹಿಂದೆ ಇದೇ ಊರಲ್ಲಿ ಪಿಟೀಲು ಮಾಡುತ್ತಿದ್ದ ಜೋಸಯಾ ಕ್ವೇಲ್‌ನ ಕೈಗೆಲಸ ಗುರುತಿಸಬಲ್ಲವರು ಅವರೊಬ್ಬರೇ. ಅವರು ಹೌದೆಂದರೆ ನಲವತ್ತು ಸಾವಿರ ಪೌಂಡು, ಅಲ್ಲವೆಂದರೆ ನಾನೂರು. ಎಪ್ಪತ್ತಾರರ ಮುದುಕಿ, ನಾಲಿಗೆ ಮಾತ್ರ ಉಳಿಯಷ್ಟೇ ಹರಿತ. ಸಾಮಾನು ಎತ್ತಿಡುವ ನನಗಂತೂ ದಿನಾ ಮಂಗಳಾರತಿ. ಅವರಿಗೆ ಹೆದರಿಕೆ ಇದ್ದದ್ದು ಒಂದಕ್ಕೇ: ಅವರ ತಾಯಿ ಕೊನೆಗಾಲದಲ್ಲಿ ಮಗಳನ್ನೇ ಮರೆತಿದ್ದರು.

ಬುಧವಾರ ಬೆಳಿಗ್ಗೆ ನಾನು ಚಹಾ ತಂದಾಗ ಈನಿಡ್ ತೆಳು ಚಾಕುವಿನಿಂದ ಒಂದು ಪಿಟೀಲಿನ ಮೇಲ್ಹಲಗೆ ಬಿಚ್ಚುತ್ತಿದ್ದರು. ಯಾವ ಪಿಟೀಲೆಂದು ನೋಡಿ ನಾನು ಬಾಗಿಲಲ್ಲೇ ನಿಂತೆ.

“ಕಂಬದ ಹಾಗೆ ನಿಂತಿದ್ದೀಯಲ್ಲೋ ವಿಲ್ಫ್, ಚಹಾ ತಣ್ಣಗಾಗ್ಲಿ ಅಂತಾನಾ? ಬಾ, ಇದನ್ನ ನೋಡು. ಮುಚ್ಚಿದ ಅಟ್ಟದಲ್ಲಿ ನೂರು ವರ್ಷ ಬಿದ್ದಿತ್ತಂತೆ.”

ಹಲಗೆ ಎದ್ದಿತು. ಬಿಚ್ಚಿದವರು ಒಳಗೆ ಪೆನ್ಸಿಲಿನಲ್ಲಿ ಹೆಸರು, ತಾರೀಖು ಬರೆಯುವುದು ಈ ಕಸುಬಿನ ರೂಢಿ. 1811ರದ್ದೊಂದು, 1868ರದ್ದೊಂದು. ಅದರ ಕೆಳಗೆ: ಈನಿಡ್ ಥ್ರೆಲ್ಫಾಲ್. ಅವರದೇ ಕೈಬರಹ. ತಾರೀಖಿರಬೇಕಾದ ಕಡೆ, ಬಿರುಕಿನ ಮೇಲೆ ಅಂಟಿಸಿದ ಕಂದುಬಣ್ಣದ ಮರದ ತೇಪೆ.

ಕೋಣೆಯಲ್ಲಿ ಗಾಳಿಯಿರಲಿಲ್ಲ. ಆದರೂ ಗೋಡೆಗೆ ತೂಗಿದ್ದ ಇನ್ನೊಂದು ಪಿಟೀಲಿನ ತಂತಿ ತಾನಾಗಿ ಮಿಡಿಯಿತು.

“ನಾನು ಇದನ್ನ ಮುಂಚೆ ಬಿಚ್ಚಿದ್ದೀನಾ ವಿಲ್ಫ್?” ಅವರ ದನಿ ಪುಟ್ಟ ಹುಡುಗಿಯದಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಭೂತಗನ್ನಡಿ ಹಿಡಿದು ಬಗ್ಗಿದರು.

“ನೋಡೋ! ಬರಹ ತೇಪೆ ಕೆಳಗೆ ಹೋಗಿದೆ. ಈ ಮರ ನೂರು ವರ್ಷದ್ದು. ಅಂದ್ರೆ ನಾನು ಹುಟ್ಟೋಕೆ ಮುಂಚೇನೇ ನನ್ನ ಹೆಸರು ಇಲ್ಲಿತ್ತು!” ಕಣ್ಣೊರೆಸಿಕೊಂಡು ನಕ್ಕರು. “ದೆವ್ವ ಕಣೋ! ಕ್ವೇಲ್ ಮುದುಕ ನನಗೋಸ್ಕರ ಕಾದಿದ್ದಾನೆ. ಸದ್ಯ, ದೆವ್ವ!”

“ದೆವ್ವಾನೇ ಮಿಸ್ ಈನಿಡ್. ಇನ್ನೇನಿರುತ್ತೆ?” ಅಂದೆ. ಸುಳ್ಳು ಹೇಳಿ ನನಗೆ ಅಷ್ಟು ಸಂಕಟವಾದದ್ದು ಅದೇ ಮೊದಲು.

ಸೋಮವಾರವಷ್ಟೇ ಅವರು ಅದನ್ನು ಬಿಚ್ಚಿ ಹೆಸರು ಬರೆದಿದ್ದರು. ಆಮೇಲೆ ಬಿರುಕು ಕಂಡಿತೆಂದು, ನೂರು ವರ್ಷದ ಹಳೇ ಪಿಯಾನೊದ ಮರ ಕೆತ್ತಿ ತಾರೀಖಿನ ಮೇಲೆಯೇ ಅಂಟಿಸಿ ಹಲಗೆ ಮುಚ್ಚಿದ್ದರು. ದೀಪ ಹಿಡಿದವನು ನಾನು.

ಈಗ ಅವರು ನಾಳೆಯ ಹರಾಜಿನ ಪಟ್ಟಿಯಲ್ಲಿ ‘ಕ್ವೇಲ್, ನಿಸ್ಸಂದೇಹ’ ಎಂದು ಬರೆಯುತ್ತಿದ್ದರು. ಸೋಮವಾರ ಅವರೇ ಬರೆದುಕೊಟ್ಟ ಚೀಟಿ ನನ್ನ ಜೇಬಿನಲ್ಲಿತ್ತು: ‘ಕ್ವೇಲ್ ಅಲ್ಲ. ಅಂಚಿನ ಗೆರೆ ಅವನಂತೆ ಮರದಲ್ಲಿ ಕೆತ್ತಿ ಕೂರಿಸಿದ್ದಲ್ಲ, ಬರೀ ಶಾಯಿಯಲ್ಲಿ ಎಳೆದದ್ದು. ನಾನೂರು.’